ಮೇಳದ ಬಸ್ಸಿನ ಡಿಕ್ಕಿ ಬಾಗಿಲು

ಪತ್ತನಾಜೆ ಬಂತೆಂದರೆ ತುಳುನಾಡಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬೇಶ ತಿಂಗಳ ಹತ್ತನೆಯ ದಿನ ಅದು. ಮೇ 24 ಅಥವಾ 25ರ ಸುಮಾರಿಗೆ ಬೀಳುತ್ತದೆ. ನವೆಂಬರಿನಿಂದ ಊರೂರು ತಿರುಗಿದ ಕಲಾವಿದರು ಕ್ಷೇತ್ರದಲ್ಲಿ ಕೊನೆಯ ಸೇವೆಯಾಟ ಆಡಿ, ಪೆಟ್ಟಿಗೆ ಮುಚ್ಚಿ, ಮನೆಗೆ ಹೋಗುತ್ತಾರೆ. ನಮ್ಮ ಪುಂಜಾಲಕಟ್ಟೆಯ ಗ್ಯಾರೇಜಿನಲ್ಲಿ ಕೆಲಸ ಏರುತ್ತಿದ್ದದ್ದು ಆಗ. ಆರು ತಿಂಗಳು ಗದ್ದೆ, ಗುಡ್ಡ, ಶಾಲೆಯ ಬಯಲು ಎನ್ನದೆ ಓಡಿದ ಮೇಳದ ಬಸ್ಸುಗಳು ಮಳೆ ಹಿಡಿಯುವ ಮೊದಲು ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ಎಂಜಿನ್ ಕೆಲಸಕ್ಕೆ ಬೇರೆಯವರಿದ್ದರು. ನಮ್ಮದು ಟಿಂಕರಿಂಗ್, ಅಂದರೆ ಬಾಡಿಯ ಕೆಲಸ. ಅದರಲ್ಲಿಯೂ ನನ್ನ ಪಾಲಿಗೆ ಬಂದದ್ದು ಡಿಕ್ಕಿಯ ಬಾಗಿಲು ಮತ್ತು ಅದರ ಲಾಕ್.

1980ರ ದಶಕದ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ, ನಾನು ಆ ಶೆಡ್ಡಿಗೆ ಸೇರಿದೆ. ಬಿ.ಸಿ.ರೋಡಿನಿಂದ ಬಂಟ್ವಾಳ, ವಗ್ಗ ದಾಟಿ ಬರುವ ರಸ್ತೆ ಪುಂಜಾಲಕಟ್ಟೆಯ ಮೂಲಕ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಂದು ಸಾಗಿ ಚಾರ್ಮಾಡಿ ಘಾಟಿ ಹತ್ತುತ್ತದೆ. ಈಗ ಅದು ಮಂಗಳೂರು–ತುಮಕೂರು ನಡುವಿನ ರಾಷ್ಟ್ರೀಯ ಹೆದ್ದಾರಿ 73; ಅದಕ್ಕೆ ಮೊದಲು 234 ಎಂಬ ನಂಬರಿತ್ತು. ನಾನು ಸೇರಿದ ಕಾಲಕ್ಕೆ ಎದುರಿನಿಂದ ಬಸ್ಸು ಬಂದರೆ ಒಂದು ಚಕ್ರ ಮಣ್ಣಿಗೆ ಇಳಿಸಲೇಬೇಕಾದ ದಾರಿ. ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರ ಬಸ್ಸು, ಘಟ್ಟದಿಂದ ತರಕಾರಿ ಹೇರಿಕೊಂಡು ಇಳಿಯುವ ಲಾರಿ, ಮಂಗಳೂರಿನ ಸರ್ವಿಸ್ ಬಸ್ಸು, ಮೇಳದ ಬಸ್ಸು ಎಲ್ಲವೂ ನಮ್ಮ ಶೆಡ್ಡಿನ ಮುಂದೆಯೇ ಹಾಯಬೇಕು. ಏನಾದರೂ ಸಡಿಲಾಗಿ ಸದ್ದು ಮಾಡತೊಡಗಿದರೆ ಡ್ರೈವರುಗಳಿಗೆ ನೆನಪಾಗುತ್ತಿದ್ದದ್ದು ನಮ್ಮ ಮೇಸ್ತ್ರಿ.

ಮೇಸ್ತ್ರಿ ಮಂಗಳೂರಿನಲ್ಲಿ ಬಸ್ಸಿನ ಬಾಡಿ ಕಟ್ಟುವ ಕಡೆ ದುಡಿದು ಊರಿಗೆ ಬಂದವರು. ಮರದ ಚೌಕಟ್ಟಿಗೆ ತಗಡು ಹೊಡೆಯುತ್ತಿದ್ದ ಕಾಲವನ್ನೂ ಕಬ್ಬಿಣದ ಚೌಕ ಪೈಪಿನ ಕಾಲವನ್ನೂ ಕಂಡವರು. ಯಕ್ಷಗಾನವೆಂದರೆ ಜೀವ. ಬಲಿಪ ನಾರಾಯಣ ಭಾಗವತರ ಪದ ಇದೆ ಎಂದು ಗೊತ್ತಾದರೆ ಸಂಜೆ ಬೇಗ ಕೈ ತೊಳೆದು ಸೈಕಲ್ ಹತ್ತುತ್ತಿದ್ದರು; ಬೆಳಿಗ್ಗೆ ನಿದ್ದೆಗಣ್ಣಿನಲ್ಲೇ ಬಂದು ಸುತ್ತಿಗೆ ಹಿಡಿಯುತ್ತಿದ್ದರು. ಕೆಲಸ ಕಲಿಸುವಾಗ ಮಾತು ಕಡಿಮೆ. ನಾನು ಸೇರಿದ ಹೊಸದರಲ್ಲಿ ಒಂದು ಬಸ್ಸು ಡಿಕ್ಕಿ ಬಾಗಿಲು ನಿಲ್ಲುವುದಿಲ್ಲ ಎಂದು ಬಂತು. ಅವರು ನನ್ನನ್ನು ಬಾಗಿಲ ಮುಂದೆ ಕೂರಿಸಿ ಹೇಳಿದ್ದು ಇಷ್ಟೆ:

“ಲಾಕಿಗೆ ಈಗ ಕೈ ಹಾಕುವುದು ಬೇಡ ಮಗಾ. ಮೊದಲು ಬಾಗಿಲು ಮುಚ್ಚು. ಸುತ್ತ ಸಂದಿ ಎಷ್ಟೆಷ್ಟು ಉಂಟು ನೋಡು.”

ನೋಡಿದೆ. ಮೇಲಿನ ಎಡಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ. ಕೆಳಗಿನ ಬಲಮೂಲೆಯಲ್ಲಿ ತಗಡಿಗೆ ತಗಡು ಉಜ್ಜಿ, ಬಣ್ಣ ಹೋಗಿ, ಕಬ್ಬಿಣ ಹೊಳೆಯುತ್ತಿತ್ತು. ಮೇಲಿನ ಉದ್ದನೆಯ ಹಿಂಜಸಿನ ಸೂಜಿ ಒಂದು ಕಡೆ ಸವೆದು ಬಾಗಿಲು ಜಗ್ಗಿತ್ತು. ಹಾಗಾಗಿ ಲಾಕಿನ ನಾಲಗೆ ಚೌಕಟ್ಟಿನ ಕೊಂಡಿಗೆ ಅರ್ಧದಷ್ಟೇ ಸಿಗುತ್ತಿತ್ತು. ಲಾಕಿಗೆ ಏನೂ ಆಗಿರಲಿಲ್ಲ. ಹೊಸ ಲಾಕ್ ತಂದು ಹಾಕಿದ್ದರೂ ಅದೂ ಕೆಲವೇ ದಿನಗಳಲ್ಲಿ ಬಿಟ್ಟುಕೊಳ್ಳುತ್ತಿತ್ತು. ಬಾಗಿಲು ನಿಲ್ಲದಿದ್ದರೆ ಲಾಕನ್ನು ಕಟ್ಟಕಡೆಗೆ ನೋಡಬೇಕು ಎಂಬುದು ಅಂದಿನಿಂದ ನನ್ನ ಕೈಗೆ ಬಂದ ಪಾಠ.

ಮೇಳದ ಬಸ್ಸನ್ನು ಒಳಗಿನಿಂದ ನೋಡದವರಿಗೆ ಅದರ ಡಿಕ್ಕಿಯ ಬಗ್ಗೆ ಇಷ್ಟು ಯಾಕೆ ಹೇಳಬೇಕು ಎಂದು ಅನಿಸಬಹುದು. ಪಶ್ಚಿಮದ ದೇಶಗಳಲ್ಲಿ ಮೋಟರ್‌ಹೋಮ್ ಎನ್ನುವ ವಾಹನವಿದೆ. ಹಾಸಿಗೆ, ಅಡುಗೆ, ಸಾಮಾನು ಎಲ್ಲ ಅದರೊಳಗೇ. ರಜೆಯಲ್ಲಿ ಊರು ನೋಡಲು ಹೊರಟವರು ಅದರಲ್ಲಿ ವಾರಗಟ್ಟಲೆ ಇರುತ್ತಾರೆ. ನಮ್ಮ ಕಡೆ ಮೇಳದವರು ಹೊಟ್ಟೆಪಾಡಿಗೂ ಕಲೆಗೂ ಅರ್ಧ ವರ್ಷ ಬಸ್ಸನ್ನೇ ಆಶ್ರಯಿಸಿದವರು. ಭಾಗವತರು, ಚೆಂಡೆ ಮದ್ದಳೆಯವರು, ವೇಷಧಾರಿಗಳು, ನೇಪಥ್ಯದವರು, ಅಡುಗೆಯವರು ಎಂದು ಹತ್ತಾರು ಮಂದಿ. ಇಂದು ಮೂಡುಬಿದಿರೆ ಕಡೆ ಆಟವಾದರೆ ನಾಳೆ ಪುತ್ತೂರಿನ ಒಳಗೆ, ನಾಡಿದ್ದು ಕಾಸರಗೋಡಿನ ಕಡೆಗೆ. ರಾತ್ರಿಯಿಡೀ ಆಟ ನಡೆಯುತ್ತಿದ್ದ ಆ ಕಾಲದಲ್ಲಿ ಬೆಳಿಗ್ಗೆ ಮಂಗಳ ಹಾಡಿ, ಮುಖದ ಬಣ್ಣ ತೆಗೆದು ಬಸ್ಸು ಹತ್ತಿದರೆ ಅಲ್ಲೇ ನಿದ್ದೆ. ಮುಂದಿನ ಊರಿನಲ್ಲಿ ಒಂದು ಶಾಲೆಯೋ ದೇವಸ್ಥಾನದ ಜಗಲಿಯೋ ಸಿಗುವವರೆಗೆ ಆ ಬಸ್ಸೇ ಮನೆ.

ಅದಕ್ಕೂ ಹಿಂದೆ ಮೇಳಗಳು ನಡೆದೇ ಹೋಗುತ್ತಿದ್ದವು. ಪೆಟ್ಟಿಗೆಗಳನ್ನು ಹೊರುವವರು ತಲೆಯ ಮೇಲೆ ಹೊತ್ತು ಕಾಲುದಾರಿಯಲ್ಲಿ ಊರಿಂದೂರಿಗೆ ಸಾಗಿಸುತ್ತಿದ್ದರು. ಮುಂದೆ ಟಿಕೆಟಿನ ಡೇರೆ ಮೇಳಗಳು ಬಂದವು. ಡೇರೆ, ಕುರ್ಚಿ, ವಿದ್ಯುತ್ ದೀಪದ ಸಾಮಾನು ಎಂದು ಹೊರೆ ಬೆಳೆಯಿತು. ಲಾರಿ, ಬಸ್ಸು ಇಲ್ಲದೆ ನಡೆಯದು ಎಂಬ ಸ್ಥಿತಿ ಬಂತು. ಹರಕೆಯ ಬಯಲಾಟ ಆಡುವ ಕ್ಷೇತ್ರದ ಮೇಳಗಳಿಗೂ ವಾಹನ ಬಂತು. ಹೊರುವವರ ತಲೆಯಿಂದ ಇಳಿದ ಪೆಟ್ಟಿಗೆಗಳು ಬಸ್ಸಿನ ಒಳಗೂ ಲಾರಿಗೂ ಡಿಕ್ಕಿಗೂ ಹಂಚಿಹೋದವು. ಒಬ್ಬ ಮನುಷ್ಯ ತಲೆಯ ಮೇಲಿಟ್ಟುಕೊಂಡು ಜೋಪಾನವಾಗಿ ನಡೆಯುತ್ತಿದ್ದ ಸಾಮಾನನ್ನು ಕಾಯುವ ಹೊಣೆ ಒಂದು ತಗಡಿನ ಬಾಗಿಲಿಗೂ ಅದರ ಅಗುಳಿಗೂ ಬಿತ್ತು.

ಆ ಸಾಮಾನು ಎಂಥದೆಂದು ನೋಡಿದವರಿಗೆ ಗೊತ್ತು. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಹಗುರ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ಚೂರು ಕೂರಿಸಿ ಮಾಡಿದವು. ನೀರು ತಾಗಿದರೆ ಬೇಗಡೆ ಏಳುತ್ತದೆ. ದಗಲೆ, ಬಾಲುಮುಂಡುಗಳ ಕೆಂಪು ಬಣ್ಣ ಒದ್ದೆಯಾದರೆ ಪಕ್ಕದ ಬಟ್ಟೆಗೂ ಹತ್ತುತ್ತದೆ. ಚೆಂಡೆಯ ಮುಚ್ಚಿಗೆಗೆ ತಂಪು ಹಿಡಿದರೆ ಅದರ ಸ್ವರವೇ ಕೂರುತ್ತದೆ. ಬೆಂಕಿಗೆ ಹಿಡಿದು ಕಾಯಿಸಬೇಕು. ಬೆಲೆಬಾಳುವ ವೇಷದ ಪೆಟ್ಟಿಗೆಗಳನ್ನು ಆದಷ್ಟೂ ಒಳಗೇ ಇಡುತ್ತಿದ್ದರು. ಜಾಗ ಸಾಲದಾಗ ಡಿಕ್ಕಿಗೂ ಹೋಗುತ್ತಿದ್ದವು. ಇನ್ನು ಚಾಪೆ, ಹಾಸಿಗೆ ಸುರುಳಿ, ಅಡುಗೆಯ ಪಾತ್ರೆ, ಸೈಡ್ ಕರ್ಟನ್, ವಯರಿನ ಸುರುಳಿಗಳಿಗೆ ಡಿಕ್ಕಿಯೇ ಜಾಗ. ರಾತ್ರಿಯಿಡೀ ಕುಣಿದವನು ಬೆಳಿಗ್ಗೆ ಒದ್ದೆ ಚಾಪೆಯ ಮೇಲೆ ಮಲಗುವ ಹಾಗಾಗಬಾರದು ಎಂಬುದು ಮೇಸ್ತ್ರಿಯ ಲೆಕ್ಕದಲ್ಲಿ ದೊಡ್ಡ ವಿಷಯ.

ನಮ್ಮ ಜಿಲ್ಲೆಯಲ್ಲಿ ಡಿಕ್ಕಿಯ ಬಾಗಿಲು ಹಾಳಾಗುವುದಕ್ಕೆ ಕಾರಣಗಳು ಕೈಯಳತೆಯಲ್ಲೇ ಇವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು ಇದು. ತಿರುಗಾಟದ ಕಾಲದಲ್ಲಿ ಮಳೆ ಕಡಿಮೆಯೇ, ಆದರೆ ಜೂನಿನಿಂದ ಬಸ್ಸು ಬಯಲಲ್ಲಿ ನಿಂತೇ ನೆನೆಯುತ್ತದೆ. ಬಾಗಿಲ ಚೌಕಟ್ಟಿನ ಕೆಳಗಿನ ಪೈಪಿನೊಳಗೆ ನೀರು ಸೇರಿ, ಹೊರಗೆ ಹೋಗಲು ದಾರಿಯಿಲ್ಲದೆ, ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸ್ಕ್ರೂಡ್ರೈವರಿನಲ್ಲಿ ಒತ್ತಿದರೆ ತೂತು. ಅಲ್ಯೂಮಿನಿಯಂ ಶೀಟಿಗೆ ಕಬ್ಬಿಣದ ರಿವೆಟ್ ಹೊಡೆದಿದ್ದರೆ ಇನ್ನೊಂದು ತೊಂದರೆ. ಎರಡು ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತ ಬಿಳಿ ಹುಡಿಯಾಗುತ್ತದೆ, ರಿವೆಟಿನ ಸುತ್ತಲ ತೂತು ದೊಡ್ಡದಾಗುತ್ತ ಹೋಗುತ್ತದೆ. ಅದಕ್ಕೇ ಮೇಸ್ತ್ರಿ ಶೀಟಿಗೂ ಚೌಕಟ್ಟಿಗೂ ನಡುವೆ ರೆಡ್ ಆಕ್ಸೈಡ್ ಬಳಿಯದೆ, ಟ್ಯೂಬಿನ ರಬ್ಬರ್ ಪಟ್ಟಿ ಕೊಡದೆ ಒಂದು ರಿವೆಟನ್ನೂ ಹೊಡೆಯಲು ಬಿಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೆಂಪು ಮಣ್ಣಿನ ಹುಡಿ. ಮುರಕಲ್ಲಿನ ಗುಡ್ಡದ ದಾರಿಯಲ್ಲಿ ಏಳುವ ಹುಡಿ ಕೀಲಿಯ ತೂತಿನೊಳಗೆ ಹೋಗಿ ಕೂರುತ್ತದೆ. ಕೀಲಿ ತಿರುಗುವುದಿಲ್ಲ ಎಂದು ಎಷ್ಟೋ ಮಂದಿ ಅದಕ್ಕೆ ತೆಂಗಿನೆಣ್ಣೆ ಬಿಡುತ್ತಿದ್ದರು. ಆ ದಿನಕ್ಕೆ ಸರಿಯಾಗುತ್ತದೆ, ಆಮೇಲೆ ಎಣ್ಣೆಗೆ ಹುಡಿ ಅಂಟಿ ಮಡ್ಡಿಯಾಗುತ್ತದೆ. ನಾವು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಪೆನ್ಸಿಲಿನ ಸೀಸ ಅರೆದ ನಯ ಹುಡಿಯನ್ನು ಊದುತ್ತಿದ್ದೆವು. ಗ್ರಾಫೈಟ್ ಎಂದು ಅದಕ್ಕೆ ಹೆಸರು. ಒಣದಾಗಿದ್ದೂ ಜಾರುತ್ತದೆ, ಹುಡಿಯನ್ನು ಹಿಡಿದಿಡುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ನಾನು ಅರಿತದ್ದು ಸಿದ್ಧಕಟ್ಟೆ ಕಡೆಯ ಒಂದು ಗದ್ದೆಯಲ್ಲಿ. ಜನವರಿಯ ಒಂದು ಸಂಜೆ, ಮೇಳವೊಂದರ ಡ್ರೈವರ್ ಯಾರದೋ ಸ್ಕೂಟರಿನ ಹಿಂದೆ ಕೂತು ಶೆಡ್ಡಿಗೆ ಬಂದರು.

“ಮೇಸ್ತ್ರಿಯವರೇ, ಡಿಕ್ಕಿ ತೆಗೆಯಲಿಕ್ಕೆ ಆಗುವುದಿಲ್ಲ. ಕೀಲಿ ತಿರುಗುತ್ತದೆ, ಬಾಗಿಲು ಬರುವುದಿಲ್ಲ. ಬಣ್ಣದ ವೇಷದ ಪೆಟ್ಟಿಗೆ ಒಳಗೆ ಉಂಟು. ಒಂಬತ್ತಕ್ಕೆ ಚೌಕಿಪೂಜೆ.”

“ಬಸ್ಸು ಎಲ್ಲಿ ನಿಂತಿದೆ?” ಎಂದರು ಮೇಸ್ತ್ರಿ.

“ಗದ್ದೆಯಲ್ಲಿ.”

“ಗದ್ದೆಯಲ್ಲಿ ಹೇಗೆ ನಿಂತಿದೆ?”

ಡ್ರೈವರಿಗೆ ಆ ಪ್ರಶ್ನೆಯ ಅರ್ಥವಾದ ಹಾಗೆ ಕಾಣಲಿಲ್ಲ. ಮೇಸ್ತ್ರಿ ನನ್ನ ಕೈಗೆ ಜ್ಯಾಕ್ ಕೊಟ್ಟರು. ಸ್ಪ್ಯಾನರ್ ಚೀಲಕ್ಕಿಂತ ಮೊದಲು ಜ್ಯಾಕ್ ಹಿಡಿದದ್ದು ನನಗೆ ಆಶ್ಚರ್ಯವಾಯಿತು.

ಅಲ್ಲಿ ಹೋಗಿ ನೋಡಿದರೆ ಕಟಾವಾದ ಗದ್ದೆಯ ಅಂಚಿನಲ್ಲಿ ಬಸ್ಸು. ಹಿಂದಿನ ಎಡಚಕ್ರ ಹುಣಿಯ, ಅಂದರೆ ಬದುವಿನ, ಪಕ್ಕದ ಮೆದು ಮಣ್ಣಿನಲ್ಲಿ ಅರ್ಧ ಇಳಿದಿತ್ತು, ಮುಂದಿನ ಬಲಚಕ್ರ ಹುಣಿಯ ಮೇಲೆ ಏರಿ ನಿಂತಿತ್ತು. ಆ ಕಡೆ ರಂಗಸ್ಥಳ ಕಟ್ಟುತ್ತಿದ್ದರು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದ ಕಲಾವಿದರು ಮುಖಕ್ಕೆ ಚಿಟ್ಟಿ ಇಡಲು ಆಗಲೇ ಕೂತಾಗಿತ್ತು. ಗಂಟೆಗಟ್ಟಲೆಯ ಕೆಲಸ ಅದು. ಮುಖ ತಯಾರಾದರೆ ಸಾಲದು, ಕಿರೀಟ ಬೇಕು. ಮೇಳದ ಮೆನೇಜರರು ಬಾಗಿಲಿಗೆ ಹಾರೆ ಹಾಕಿ ಮೀಟುವುದೊಂದೇ ದಾರಿ ಎಂದುಕೊಂಡು ಹಾರೆಯನ್ನೂ ತರಿಸಿಟ್ಟಿದ್ದರು.

ಮೇಸ್ತ್ರಿ ಹಾರೆಯನ್ನು ಬದಿಗಿಟ್ಟರು. ಅಳತೆಯ ಟೇಪ್ ತೆಗೆದು ಬಾಗಿಲ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿಯಲು ನನಗೆ ಹೇಳಿದರು. ಆಮೇಲೆ ಇನ್ನೆರಡು ಮೂಲೆಗೆ. ಒಂದು ಅಳತೆಗಿಂತ ಇನ್ನೊಂದು ಬೆರಳಗಲದಷ್ಟು ಹೆಚ್ಚಿತ್ತು. ಆಯತದ ಎರಡು ಕರ್ಣಗಳು ಸಮ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಇಲ್ಲಿ ಕೆಲಸಕ್ಕೆ ಬಂತು. ಬಸ್ಸು ಓರೆಯಾಗಿ ನಿಂತಾಗ ಅದರ ಇಡೀ ಬಾಡಿ ತಿರುಚುತ್ತದೆ. ಬೆಂಕಿಪೊಟ್ಟಣದ ಹೊರಕವಚವನ್ನು ಒಂದು ಮೂಲೆಯಿಂದ ಒತ್ತಿದರೆ ಚೌಕ ಹೋಗಿ ಓರೆಯಾಗುತ್ತದಲ್ಲ, ಡಿಕ್ಕಿಯ ಬಾಯಿಯೂ ಹಾಗೆಯೇ ಆಗಿತ್ತು. ಬಾಗಿಲು ಚೌಕವಾಗಿಯೇ ಉಳಿದು ಆ ಓರೆಯೊಳಗೆ ಬಿಗಿದು ಕೂತಿತ್ತು. ಲಾಕಿನ ನಾಲಗೆ ಕೊಂಡಿಗೆ ಒತ್ತಿ ಹಿಡಿದಿತ್ತು. ಅಲ್ಲಿ ಹಾರೆ ಹಾಕಿದ್ದರೆ ಶೀಟೂ ಹರಿಯುತ್ತಿತ್ತು, ಹಿಂಜಸೂ ಹೋಗುತ್ತಿತ್ತು.

ಹಲಗೆ ಹಾಸಿ, ಅದರ ಮೇಲೆ ಜ್ಯಾಕ್ ಇಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಎತ್ತಿದೆವು. ಊರಿನ ಯುವಕರು ಚಕ್ರದ ಕೆಳಗೆ ಕಲ್ಲು ತುಂಬಿದರು. ಜ್ಯಾಕ್ ಏರುತ್ತಿದ್ದ ಹಾಗೆ ಬಾಗಿಲ ಮೂಲೆಯಿಂದ ಕಟಕ್ಕೆಂದು ಒಂದು ಸದ್ದು ಬಂತು. ಮೇಸ್ತ್ರಿ ಹಿಡಿಯನ್ನು ಎರಡು ಬೆರಳಲ್ಲಿ ತಿರುಗಿಸಿದರು. ಬಾಗಿಲು ತೆರೆಯಿತು. ನೇಪಥ್ಯದವರು ಪೆಟ್ಟಿಗೆಯನ್ನು ಹೊತ್ತು ಚೌಕಿಗೆ ಓಡಿದರು. ಅದಾದ ಮೇಲೆಯೇ ನಾವು ಲಾಕ್ ಬಿಚ್ಚಿದ್ದು.

ಆ ಲಾಕನ್ನು ಕೈಯಲ್ಲಿ ಹಿಡಿದು ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಹೊರಗೆ ಇಂಗ್ಲಿಷ್ ಟಿ ಅಕ್ಷರದ ಆಕಾರದ ಹಿಡಿ. ಅದರ ಬೆನ್ನಿಗೆ ಒಂದು ಚೌಕ ಶಾಫ್ಟ್, ಶಾಫ್ಟಿನ ತುದಿಗೆ ನಾಲಗೆ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ನಾಲಗೆ ಮೇಲೆ ಬಂದು ಕೊಂಡಿಯಿಂದ ಬಿಡಿಸಿಕೊಳ್ಳುತ್ತದೆ. ಹಿಡಿ ಎರಕದ ಸತುವಿನದು. ನೋಡಲು ಗಟ್ಟಿ, ಆದರೆ ಬಗ್ಗುವುದಿಲ್ಲ, ಒಮ್ಮೆಲೇ ತುಂಡಾಗುತ್ತದೆ. ನಾಲಗೆಯ ಚೌಕ ತೂತು ಸವೆದು ಗುಂಡಗಾಗಿತ್ತು. ಹಿಡಿ ಪೂರ್ತಿ ತಿರುಗಿದರೂ ನಾಲಗೆ ಅರ್ಧವೇ ಸರಿಯುತ್ತಿತ್ತು. ಮೇಸ್ತ್ರಿ ಚೀಲದಿಂದ ಮೂರು ಮಿಲಿಮೀಟರ್ ದಪ್ಪದ ಪಟ್ಟಿಯ ತುಂಡು ತೆಗೆದು, ಹಳೆಯ ನಾಲಗೆಯನ್ನು ಅದರ ಮೇಲಿಟ್ಟು ಗೆರೆ ಎಳೆದರು. ಗರಗಸದಲ್ಲಿ ಕೊಯ್ದರು. ದುಂಡಗೆ ತೂತು ಕೊರೆದು, ಚೌಕ ಅರದಿಂದ ನಾಲ್ಕು ಮೂಲೆಯನ್ನು ತೀಡುತ್ತ, ಮಧ್ಯೆ ಮಧ್ಯೆ ಶಾಫ್ಟಿಗೆ ತೂರಿಸಿ ನೋಡುತ್ತ ಕೂತರು. ಸ್ವಲ್ಪವೂ ಆಡಬಾರದು, ಬಡಿದು ಕೂರಿಸುವಷ್ಟು ಬಿಗಿಯೂ ಇರಬಾರದು. ಅಷ್ಟರಲ್ಲಿ ಆ ಕಡೆ ಆಟದ ಆರಂಭ ಸಾರುವ ಕೇಳಿ ಬಡಿಯತೊಡಗಿದರು. ನಾಲಗೆಯ ತುದಿಯನ್ನು ಇಳಿಜಾರಾಗಿ ಅರ ಹಾಕಿದ್ದೇಕೆಂದು ಕೇಳಿದೆ. ಬಾಗಿಲು ತುಸು ಜಗ್ಗಿದರೂ ಆ ಇಳಿಜಾರು ಕೊಂಡಿಯನ್ನು ಹುಡುಕಿಕೊಂಡು ಹೋಗಿ ತಾನೇ ಎಳೆದು ಬಿಗಿ ಮಾಡುತ್ತದೆ ಎಂದರು. ಕೆಲಸ ಮುಗಿಸಿ, ಕೈಯನ್ನು ಗದ್ದೆಯ ಹುಲ್ಲಿಗೆ ಒರಸಿ, ಅವರು ಆಟದ ಎದುರು ಹೋಗಿ ಕೂತರು. ಬೆಳಗಿನವರೆಗೂ ಏಳಲಿಲ್ಲ.

ಬಾಗಿಲು ತೆರೆಯದಿದ್ದರೆ ಆಟಕ್ಕೆ ತಡ. ತೆರೆಯಬಾರದ ಹೊತ್ತಿಗೆ ತೆರೆದರೆ ಪ್ರಾಣಕ್ಕೇ ಆಪತ್ತು. ಅದನ್ನೂ ನಮ್ಮ ರಸ್ತೆಯಲ್ಲಿಯೇ ಕಂಡಿದ್ದೇನೆ. ಒಂದು ಮುಂಜಾನೆ ಮಡಂತ್ಯಾರು ದಾಟಿ ಬರುತ್ತಿದ್ದ ಬಸ್ಸಿನ ಬಲಬದಿಯ ಡಿಕ್ಕಿ ಬಾಗಿಲು ತಿರುವಿನಲ್ಲಿ ಹಾರಿ ತೆರೆಯಿತು. ಎದುರಿನಿಂದ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದ ಹಿರಿಯರೊಬ್ಬರಿಗೆ ತಾಗಿತು. ಕ್ಯಾನ್ ನಜ್ಜಾಯಿತು, ಅವರ ಭುಜ ಊದಿಕೊಂಡಿತು. ಒಂದು ಗೇಣು ಆಚೀಚೆಯಾಗಿದ್ದರೆ ತಲೆಗೇ ತಾಗುತ್ತಿತ್ತು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಬಲಬದಿಯ ಬಾಗಿಲು ತೆರೆದರೆ ಎದುರಿನವರಿಗೇ ಏಟು. ಅವರನ್ನು ನಮ್ಮ ಶೆಡ್ಡಿನ ಬೆಂಚಿನಲ್ಲಿ ಮಲಗಿಸಿ ನೀರು ಕೊಟ್ಟೆವು. ಆ ದಿನ ಮೇಸ್ತ್ರಿ ಮಧ್ಯಾಹ್ನದ ಊಟ ಮಾಡಲಿಲ್ಲ.

ಅಂದಿನಿಂದ ನಮ್ಮ ಶೆಡ್ಡಿನಿಂದ ಹೊರಡುವ ಯಾವ ಬಸ್ಸಿನ ಬಲಬದಿಯ ಡಿಕ್ಕಿಗೂ ಎರಡನೆಯ ಕೊಂಡಿ ಇಲ್ಲದೆ ಇರುತ್ತಿರಲಿಲ್ಲ. ಲಾಕಿಗೆ ಸಂಬಂಧವಿಲ್ಲದ, ಕೈಯಿಂದಲೇ ಎತ್ತಬೇಕಾದ ಸಾದಾ ಕೊಕ್ಕೆ ಅದು. ಲಾಕ್ ಕೈಕೊಟ್ಟರೂ ಬಾಗಿಲು ಎರಡು ಬೆರಳಿನಷ್ಟೇ ತೆರೆದು ನಿಲ್ಲುತ್ತದೆ, ಬಡಿಯುವ ಸದ್ದು ಡ್ರೈವರಿಗೆ ಕೇಳುತ್ತದೆ. ಬ್ಯಾಟರಿ ಪೆಟ್ಟಿಗೆ, ಟೂಲ್ ಪೆಟ್ಟಿಗೆಯ ಸಣ್ಣ ಬಾಗಿಲುಗಳಿಗೆ ಹಿಂಜಸನ್ನು ಬಸ್ಸಿನ ಮುಂದಿನ ಕಡೆಗೇ ಹಾಕುತ್ತಿದ್ದೆವು. ಓಡುವಾಗ ಗಾಳಿಯೇ ಬಾಗಿಲನ್ನು ಮುಚ್ಚುವ ಕಡೆ ಒತ್ತುತ್ತದೆ. ಹಿಂದಕ್ಕೆ ಹಾಕಿದರೆ ಅದೇ ಗಾಳಿ ಎಳೆದು ತೆರೆಯುತ್ತದೆ. ಇದಕ್ಕೆಲ್ಲ ಹಣ ಕೊಡಲು ಕೆಲವು ಮಾಲೀಕರು ಹಿಂದೆಮುಂದೆ ನೋಡುತ್ತಿದ್ದರು. ಮೇಸ್ತ್ರಿ ಹಣ ಬಿಟ್ಟಾರೇ ಹೊರತು ಕೊಕ್ಕೆ ಬಿಡುತ್ತಿರಲಿಲ್ಲ.

ಮಳೆಗಾಲದ ಕೆಲಸಕ್ಕೆ ಸಮಯವಿರುತ್ತಿತ್ತು. ಬಸ್ಸನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಲ್ಲ ಚಕ್ರದ ಗಾಳಿ ಸರಿ ನೋಡಿ, ಕರ್ಣ ಅಳೆದು ಆಮೇಲೆ ಕೆಲಸ ಶುರು. ಬಾಗಿಲು ಕಳಚಿ ಕೆಳಗಿನ ಪೈಪ್ ಕೊಯ್ದು ಹೊಸದು ಬೆಸೆದು, ಅದರ ಅಡಿಯಲ್ಲಿ ನೀರಿಳಿಯಲು ಎರಡು ಸಣ್ಣ ತೂತು. ಬಾಗಿಲ ಮೇಲ್ಗಡೆ ಬಾಡಿಗೆ ಒಂದು ಸಪೂರ ತಗಡಿನ ಪಟ್ಟಿ, ಮಾಡಿನಿಂದ ಇಳಿಯುವ ನೀರು ಸಂದಿಗೆ ಹೋಗದೆ ಆಚೆ ಹರಿಯಲಿ ಎಂದು. ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಬೇಕು. ಹೊಸ ಬೀಡಿಂಗ್ ಅಗತ್ಯಕ್ಕಿಂತ ದಪ್ಪವಿದ್ದರೆ ಬಾಗಿಲು ಮುಚ್ಚಲು ಜನ ಕಾಲಿನಿಂದ ಒದೆಯುತ್ತಾರೆ. ಆ ಒದೆತವನ್ನೆಲ್ಲ ತಿನ್ನುವುದು ಲಾಕ್. ಅದಕ್ಕೆ ನಾವು ಬಾಗಿಲ ಸಂದಿಯಲ್ಲಿ ಒಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೆದು ನೋಡುತ್ತಿದ್ದೆವು. ಸುತ್ತಲೂ ಒಂದೇ ಬಿಗಿಯಲ್ಲಿ ಬಂದರೆ ಬೀಡಿಂಗ್ ಸರಿ. ಒಂದು ಕಡೆ ಜಾರಿ ಬಂದರೆ ಮಳೆ ಬರುವುದು ಅಲ್ಲಿಂದಲೇ. ಕಟ್ಟಕಡೆಗೆ ಕೊಂಡಿ. ಕೊಂಡಿಯ ಬೋಲ್ಟ್ ತೂತನ್ನು ಉದ್ದಕ್ಕೆ ಅಗಲಿಸಿ ಬಿಡುತ್ತಿದ್ದೆವು. ಮುಂದೆ ಬಾಗಿಲು ಜಗ್ಗಿದಾಗ ಡ್ರೈವರ್ ತಾನೇ ಸ್ಪ್ಯಾನರ್ ಹಿಡಿದು ಸರಿಸಿಕೊಳ್ಳಬಹುದು.

ಲಾಕ್ ಬದಲಿಸಲೇಬೇಕಾದಾಗ ನನ್ನನ್ನು ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಿಗೆ ಕಳಿಸುತ್ತಿದ್ದರು. ಹಳೆಯ ಲಾಕ್ ಚೀಲದಲ್ಲಿ, ಅಳತೆ ಚೀಟಿಯಲ್ಲಿ. ಬಾಗಿಲ ದಪ್ಪ ಎಷ್ಟು. ಶಾಫ್ಟಿನ ನಡುವಿನಿಂದ ನಾಲಗೆಯ ತುದಿಗೆ ಎಷ್ಟು. ನಾಲಗೆ ನೇರವೋ ಮೆಟ್ಟಿಲಿನ ಹಾಗೆ ಬಾಗಿದ್ದೋ, ಬಾಗಿದ್ದರೆ ಎಷ್ಟು. ಈ ಮೂರು ಸರಿಯಿದ್ದರೆ ಯಾವ ಕಂಪೆನಿಯ ಲಾಕಾದರೂ ಕೂರುತ್ತದೆ. ಹೊರಗಿನ ಹಿಡಿಯ ಹೊಳಪು ನೋಡಿ ತಂದರೆ ಒಳ್ಳೆಯ ಬಾಗಿಲಿಗೆ ಮತ್ತೊಂದು ತೂತು ಕೊರೆಯಬೇಕಾಗುತ್ತದೆ.

ಮೇಸ್ತ್ರಿ ಈಗಿಲ್ಲ. ಬಲಿಪರೂ 2023ರಲ್ಲಿ ತೀರಿಕೊಂಡರು. ಶೆಡ್ಡು ನನ್ನ ಕೈಗೆ ಬಂದು ಬಹಳ ಕಾಲವಾಯಿತು. ಬಸ್ ಬಾಡಿಗೆ ಎಐಎಸ್-052 ಎಂಬ ಮಾನದಂಡ ಬಂದ ಮೇಲೆ ಬಾಡಿ ಕಟ್ಟುವ ಕೆಲಸ ಅನುಮೋದನೆ ಪಡೆದ ದೊಡ್ಡ ಕಾರ್ಖಾನೆಗಳದಾಯಿತು. ಅದು ಸರಿಯಾದದ್ದೇ; ಜನರ ಜೀವ ಹೊತ್ತು ಓಡುವ ಬಾಡಿಗೆ ಒಂದು ನಿಯಮ ಬೇಕು. ಹೊಸ ಬಸ್ಸುಗಳ ಡಿಕ್ಕಿಗೆ ಗ್ಯಾಸಿನ ಒತ್ತಿನ ದಂಡ, ಡ್ರೈವರ್ ಸೀಟಿನಿಂದಲೇ ಬೀಳುವ ಲಾಕ್ ಬಂದಿವೆ. ರಸ್ತೆ ಅಗಲವಾಗಿದೆ. ಹೆಚ್ಚಿನ ಮೇಳಗಳು ಕಾಲಮಿತಿಯ ಆಟಕ್ಕೆ ಬಂದಿವೆ. ಎಷ್ಟೋ ಕಲಾವಿದರು ಆಟ ಮುಗಿಸಿ ರಾತ್ರಿಯೇ ಬೈಕಿನಲ್ಲಿ ಮನೆ ಸೇರುತ್ತಾರೆ. ಆದರೂ ಸಾಮಾನು ಬಸ್ಸಿನಲ್ಲೇ ಹೋಗಬೇಕು, ಲಾರಿಯಲ್ಲೇ ಹೋಗಬೇಕು. ಮಳೆಯೂ ಹುಡಿಯೂ ಹಾಗೆಯೇ ಇವೆ.

ಈಚೆಗೆ ನಿಜವಾದ ಮೋಟರ್‌ಹೋಮೇ ಒಂದು ಶೆಡ್ಡಿಗೆ ಬಂತು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟ ಕುಟುಂಬ. ಮಂಗಳೂರಿನ ಕಡಲು ನೋಡಿಕೊಂಡು ಈ ದಾರಿಯಲ್ಲಿ ಬಂದಿದ್ದರು. ಬದಿಯ ಸಾಮಾನಿನ ಪೆಟ್ಟಿಗೆಯ ಬಾಗಿಲಿನಿಂದ ಲಾಕ್ ಕಿತ್ತು ಬಂದಿತ್ತು, ಹಗ್ಗ ಕಟ್ಟಿ ತಂದಿದ್ದರು. ನೀರಿನ ಪೈಪು, ಮಕ್ಕಳ ಚಪ್ಪಲಿ, ಮಡಚುವ ಕುರ್ಚಿ ಅದರೊಳಗೆ. ಬಾಗಿಲು ಎರಡು ತೆಳು ಹಾಳೆಯ ನಡುವೆ ಫೋಮ್ ತುಂಬಿ ಅಂಟಿಸಿದ್ದು. ಹಗುರ, ತಂಪನ್ನೂ ಕಾಯುತ್ತದೆ. ಆದರೆ ಫೋಮಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಎಳೆದೆಳೆದು ತೂತು ಬಾಯಿ ಬಿಟ್ಟಿತ್ತು. ಬಾಗಿಲ ಒಳಗೂ ಹೊರಗೂ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಆರಪಾರ ಬೋಲ್ಟ್ ಹಾಕಿ, ಅಂಚಿಗೆ ಸಿಲಿಕೋನ್ ತುಂಬಿ ಲಾಕ್ ಕೂರಿಸಿದೆ. ಎಳೆತವೆಲ್ಲ ಪಟ್ಟಿಯ ಅಗಲಕ್ಕೆ ಹಂಚಿಹೋಗುತ್ತದೆ, ಫೋಮಿಗೆ ಭಾರವಿಲ್ಲ.

ಆ ಮನೆಯ ಯಜಮಾನರು ಅಮೆರಿಕದಲ್ಲಿ ಕೆಲವು ವರ್ಷ ಇದ್ದವರು. ಅಲ್ಲಿಯ ಮೋಟರ್‌ಹೋಮ್‌ಗಳ ಸಾಮಾನಿನ ಬಾಗಿಲಿಗೆ ಸಿಎಚ್ 751 ಎಂಬ ಒಂದೇ ನಂಬರಿನ ಕೀಲಿ ಬಹುಕಾಲದಿಂದ ರೂಢಿಯಲ್ಲಿದೆಯಂತೆ. ಒಬ್ಬರ ಕೀಲಿ ಪಕ್ಕದವರ ಬಾಗಿಲಿಗೂ ಆಗುತ್ತದೆ. ಜಾಣರು ಗಾಡಿ ಕೊಂಡ ಕೂಡಲೇ ಲಾಕ್ ಬದಲಿಸುತ್ತಾರೆಂದು ಅವರು ಹೇಳಿದರು. ಬದಲಿಸುವಾಗ ಅವರು ನೋಡುವುದೂ ಬಾಗಿಲ ದಪ್ಪ, ನಾಲಗೆಯ ಉದ್ದ, ಅದರ ಬಾಗು ಎಂದಾಗ ನನಗೆ ಬಹಳ ಸಂತೋಷವಾಯಿತು. ಮೇಸ್ತ್ರಿ ಚೀಟಿಯಲ್ಲಿ ಬರೆದುಕೊಡುತ್ತಿದ್ದದ್ದು ಅದನ್ನೇ. ಭೂಮಿಯ ಆ ಬದಿಯಲ್ಲೂ ಮನೆಯನ್ನು ಗಾಲಿಯ ಮೇಲೆ ಕಟ್ಟಿಕೊಂಡವರ ಕಷ್ಟ ಒಂದೇ, ಅದಕ್ಕೆ ಹುಡುಕಿಕೊಂಡ ಉಪಾಯವೂ ಒಂದೇ.

ಯಕ್ಷಗಾನದ ಬಗ್ಗೆ ನಮ್ಮಲ್ಲಿ ಒಳ್ಳೊಳ್ಳೆಯ ಪುಸ್ತಕಗಳಿವೆ. ಭಾಗವತರ ಪರಂಪರೆ, ವೇಷದ ಬಣ್ಣ, ಅರ್ಥಗಾರಿಕೆ ಎಲ್ಲವನ್ನೂ ಬಲ್ಲವರು ಬರೆದಿದ್ದಾರೆ. ಮೇಳವನ್ನು ರಸ್ತೆಯಲ್ಲಿ ಓಡಿಸಿದವರ ಕೆಲಸವೂ ಅದರ ಪಕ್ಕದಲ್ಲಿ ದಾಖಲಾಗಬೇಕೆಂದು ನನ್ನ ಆಸೆ. ಪೆಟ್ಟಿಗೆ ಹೊತ್ತವರು, ಡ್ರೈವರುಗಳು, ಟಯರ್ ಪಂಚರಿನವರು, ಬೆಸುಗೆಯವರು, ರಾತ್ರಿ ಟಾರ್ಚ್ ಹಿಡಿದು ಅರ ಹಾಕಿದವರು. ಅವರಲ್ಲಿ ಹಲವರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ವೇಣೂರಿನ ಐಟಿಐಯಂಥ ಕಡೆ ಕಲಿಯುವ ಹುಡುಗರಿಗೆ ಪಾಠದ ಜೊತೆಗೆ ಇಂಥದ್ದೊಂದು ಹಳೆಯ ಬಾಗಿಲನ್ನು ಕೊಟ್ಟು, ಸಂದಿ ನೋಡು, ಕರ್ಣ ಅಳೆ, ಆಮೇಲೆ ಲಾಕಿಗೆ ಕೈ ಹಾಕು ಎಂದು ಹೇಳುವವರು ಬೇಕು.

ಇನ್ನೊಂದು ಮಾತು ಹರಕೆಯಾಟ ಆಡಿಸುವ ಮನೆಯವರಿಗೆ. ನೀವು ರಂಗಸ್ಥಳಕ್ಕೆ ಗದ್ದೆಯನ್ನು ಸಮ ಮಾಡುತ್ತೀರಿ, ಚೌಕಿಗೆ ನೆರಳು ಮಾಡುತ್ತೀರಿ, ಬಂದವರಿಗೆಲ್ಲ ಊಟ ಬಡಿಸುತ್ತೀರಿ. ಅದೇ ಕೈಯಲ್ಲಿ ಮೇಳದ ಬಸ್ಸು ನಿಲ್ಲಲೂ ಒಂದಿಷ್ಟು ಗಟ್ಟಿಯಾದ ಸಮತಟ್ಟು ಜಾಗ ಮಾಡಿಕೊಡಿ. ಹುಣಿಯ ಮೇಲೊಂದು ಚಕ್ರ, ಕೆಸರಿನಲ್ಲೊಂದು ಚಕ್ರ ಆಗದಿರಲಿ. ಬಸ್ಸು ನೆಟ್ಟಗೆ ನಿಂತರೆ ಬಾಗಿಲು ನೆಟ್ಟಗಿರುತ್ತದೆ, ಬಾಗಿಲು ನೆಟ್ಟಗಿದ್ದರೆ ಲಾಕ್ ತನ್ನ ಕೆಲಸ ಮಾಡುತ್ತದೆ, ಕಿರೀಟ ಹೊತ್ತಿಗೆ ಸರಿಯಾಗಿ ಚೌಕಿಗೆ ಬರುತ್ತದೆ. ಅದಕ್ಕೆ ಬೇಕಾದದ್ದು ನಾಲ್ಕು ಬುಟ್ಟಿ ಕಲ್ಲು ಮಣ್ಣು ಮತ್ತು ಒಬ್ಬ ಯುವಕನ ಅರ್ಧ ಗಂಟೆಯ ದುಡಿಮೆ ಮಾತ್ರ.